ಮಗುವಿನ ಸೆನ್ಸರಿ ಫಾರ್ಮ್: ನನ್ನದು, ಗಂಡನದು, ಅತ್ತೆಯದು ಮೂರೂ ಬೇರೆ ಬೇರೆ. ಯಾವುದು ಸರಿ?

ಪುಟ್ಟಿಯಮ್ಮ_ಶಿವಮೊಗ್ಗ
ಎಲ್ಲರಿಗೂ ನಮಸ್ಕಾರ. ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ, ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡ್ಕೋಬೇಡಿ.

ನಮ್ಮ ಮಗಳಿಗೆ ಮೊನ್ನೆ 7 ತಿಂಗಳು ತುಂಬಿತು. 33 ವಾರಕ್ಕೇ ಹುಟ್ಟಿದವಳು, 19 ದಿನ ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಇದ್ದಳು. ಈಗ ಚೆನ್ನಾಗಿದ್ದಾಳೆ, ತೂಕ ಏರುತ್ತಿದೆ, ನಗುತ್ತಾಳೆ. ಆದರೆ ಮಿಕ್ಸಿ ಹಾಕಿದರೆ ಕಿಟಾರನೆ ಕಿರುಚುತ್ತಾಳೆ. ಪಾದ ಮುಟ್ಟಿದರೆ ಕಾಲು ಎಳೆದುಕೊಳ್ಳುತ್ತಾಳೆ. ಇದನ್ನು ಹೇಳಿದಾಗ ಡಾಕ್ಟರ್ ಒಬ್ಬ ಒಟಿ (ಆಕ್ಯುಪೇಷನಲ್ ಥೆರಪಿಸ್ಟ್) ಹತ್ತಿರ ಕಳಿಸಿದರು. ಅವರು ಮಗುವನ್ನು ಸ್ವಲ್ಪ ಹೊತ್ತು ಆಡಿಸಿ ನೋಡಿ, ಒಂದು ಫಾರ್ಮ್ ಕೊಟ್ಟು, "ಮನೆಯಲ್ಲಿ ಮಗುವನ್ನು ನೋಡಿಕೊಳ್ಳುವವರು ತುಂಬಿ ತನ್ನಿ" ಅಂದರು. ಶಬ್ದಕ್ಕೆ ಏನು ಮಾಡುತ್ತದೆ, ಬೆಳಕಿಗೆ ಏನು ಮಾಡುತ್ತದೆ, ಮುಟ್ಟಿದರೆ, ತೂಗಿದರೆ, ಹಾಲು ಕುಡಿಯುವಾಗ, ಹೀಗೆ ಪ್ರಶ್ನೆಗಳು. ಪ್ರತಿಯೊಂದಕ್ಕೂ "ಹೆಚ್ಚುಕಮ್ಮಿ ಯಾವಾಗಲೂ" ಇಂದ "ಹೆಚ್ಚುಕಮ್ಮಿ ಯಾವತ್ತೂ ಇಲ್ಲ" ತನಕ ಐದು ಉತ್ತರ.

ನೋಡಿಕೊಳ್ಳುವವರು ಅಂದರೆ ಯಾರು? ನಾನು, ಅತ್ತೆ, ರಾತ್ರಿ ಇವರು. ಸುಮ್ನೆ ಕುತೂಹಲಕ್ಕೆ ಮೂರು ಝೆರಾಕ್ಸ್ ಮಾಡಿಸಿ ಮೂವರೂ ಬೇರೆ ಬೇರೆ ಕೂತು ತುಂಬಿದೆವು. ಅತ್ತೆಗೆ ನಾನು ಕನ್ನಡದಲ್ಲಿ ಓದಿ ಹೇಳಿದೆ. ನನ್ನ ಪ್ರಕಾರ ಪುಟ್ಟಿಗೆ ಎಲ್ಲಾ ಜಾಸ್ತಿ. ಅತ್ತೆ ಪ್ರಕಾರ ಏನೂ ಇಲ್ಲ. ಇವರು ಎಲ್ಲಾ ಕಡೆ ನಡುವಿನ ಖಾನೆಗೆ ಟಿಕ್ ಹಾಕಿದ್ದಾರೆ, ಪಿಯುಸಿ ಪರೀಕ್ಷೆಯಲ್ಲಿ ಹೀಗೇ ಪಾಸಾದರಂತೆ.

ಇನ್ನೊಂದು. ಕೊಟ್ಟಿದ್ದು ಹುಟ್ಟಿನಿಂದ 6 ತಿಂಗಳವರೆಗಿನ ಮಕ್ಕಳ ಫಾರ್ಮ್. ಪುಟ್ಟಿಗೆ 7 ಆಯ್ತಲ್ವಾ, ತಪ್ಪು ಫಾರ್ಮ್ ಕೊಟ್ಟಿದ್ದಾರಾ? ಮುಂದಿನ ವಾರ ವಾಪಸ್ ಕೊಡಬೇಕು. ಯಾವುದನ್ನು ಕೊಡಲಿ?

ಕಾಫಿಪುಡಿ
ಮಿಕ್ಸಿಗೆ ಅಳದ ಮಗು ಯಾವುದಿದೆ ಹೇಳಿ ನೋಡೋಣ.

ಎರಡು_ಮಕ್ಕಳ_ತಂದೆ
ಅಕ್ಕ, ತಪ್ಪು ತಿಳ್ಕೋಬೇಡಿ, ಇದೆಲ್ಲಾ ಹೊಸ ವ್ಯಾಪಾರ. ನಮ್ಮ ದೊಡ್ಡವನು ಒಂಬತ್ತು ತಿಂಗಳು ಇದ್ದಾಗ ಒಂದು ಕಡೆ ಇಂಥದ್ದೇ ಫಾರ್ಮ್ ತುಂಬಿಸಿ "ಸೆನ್ಸರಿ ಪ್ರಾಬ್ಲಂ ಇದೆ, ವಾರಕ್ಕೆ ಮೂರು ಸೆಷನ್" ಅಂದರು. ಮಗುವನ್ನು ಮುಟ್ಟಿಯೂ ನೋಡಲಿಲ್ಲ. ಫಾರ್ಮ್ ತುಂಬಿದ್ದು ನನ್ನ ಹೆಂಡತಿ, ರೋಗ ಬಂದಿದ್ದು ಮಗನಿಗೆ! ನಾವು ಹೋಗಲೇ ಇಲ್ಲ. ಈಗ ಅವನಿಗೆ ಆರು ವರ್ಷ, ಗಣಪತಿ ಮೆರವಣಿಗೆಯಲ್ಲಿ ತಮಟೆ ಪಕ್ಕದಲ್ಲೇ ನಿಂತು ಕುಣಿಯುತ್ತಾನೆ. ಅಮೆರಿಕದ ಮಕ್ಕಳ ಡಾಕ್ಟರುಗಳ ಅಕಾಡೆಮಿಯೇ 2012ರಲ್ಲಿ ಹೇಳಿದೆ, ಸೆನ್ಸರಿ ಪ್ರಾಸೆಸಿಂಗ್ ಡಿಸಾರ್ಡರ್ ಅಂತ ಬೇರೆಯೇ ಒಂದು ಕಾಯಿಲೆಯ ಹೆಸರು ಸಾಮಾನ್ಯವಾಗಿ ಕೊಡಬೇಡಿ ಅಂತ. ಓದಿ ನೋಡಿ.

ಒಟಿ_ಮೈಸೂರು
ನಾನು ಇದೇ ಕೆಲಸ ಮಾಡುವವಳು. ಒಂದೊಂದಾಗಿ ಹೇಳುತ್ತೇನೆ.

ಮೊದಲು ಫಾರ್ಮ್ ವಿಷಯ. ಪುಟ್ಟಿಯಮ್ಮ, ತಪ್ಪು ಫಾರ್ಮ್ ಅಲ್ಲ. 33 ವಾರಕ್ಕೆ ಹುಟ್ಟಿದ್ದರೆ 40ಕ್ಕೆ 7 ವಾರ ಕಮ್ಮಿ. ಅದನ್ನು ಕಳೆದರೆ ನಿಮ್ಮ ಮಗುವಿಗೆ ಈಗ ಐದು ತಿಂಗಳು ಚಿಲ್ಲರೆ. ಬೇಗ ಹುಟ್ಟಿದ ಮಕ್ಕಳಿಗೆ ಸಾಮಾನ್ಯವಾಗಿ ಎರಡು ವರ್ಷದವರೆಗೆ ಈ ತಿದ್ದಿದ ವಯಸ್ಸನ್ನೇ ಲೆಕ್ಕ ಹಿಡಿಯುತ್ತೇವೆ. ನೀವು ಹೇಳಿದ್ದನ್ನು ನೋಡಿದರೆ ಅದು ವಿನ್ನಿ ಡನ್ ಅವರ ಸೆನ್ಸರಿ ಪ್ರೊಫೈಲ್ 2 ಇರಬೇಕು, 2014ರದ್ದು. ಅದರಲ್ಲಿ ಹುಟ್ಟಿನಿಂದ 6 ತಿಂಗಳವರೆಗೆ 25 ಪ್ರಶ್ನೆಯ ಚಿಕ್ಕ ಫಾರ್ಮ್, 7ರಿಂದ 35 ತಿಂಗಳವರೆಗೆ 54 ಪ್ರಶ್ನೆಯ ದೊಡ್ಡದು. ಐದು ತಿಂಗಳ ಮಗುವಿಗೆ ದೊಡ್ಡದನ್ನು ಕೊಟ್ಟರೆ ಅರ್ಧ ಪ್ರಶ್ನೆಗೆ ಉತ್ತರವೇ ಇರಲ್ಲ. ಪ್ರಶ್ನೆಗಳನ್ನು ಇಲ್ಲಿ ಹಾಕಬೇಡಿ, ಅದಕ್ಕೆ ಹಕ್ಕುಸ್ವಾಮ್ಯ ಇದೆ.

ಎರಡನೆಯದು, ಇದರಲ್ಲಿ ಪಾಸು ಫೇಲು ಇಲ್ಲ. ಬೇರೆ ಮಕ್ಕಳಿಗಿಂತ ಜಾಸ್ತಿ, ಬೇರೆ ಮಕ್ಕಳಿಗಿಂತ ಕಮ್ಮಿ, ಬಹುಪಾಲು ಮಕ್ಕಳ ಹಾಗೇ, ಇಷ್ಟೇ ಹೇಳುವುದು. ಕಾಯಿಲೆ ಹೆಸರು ಹೇಳುವ ಫಾರ್ಮ್ ಅಲ್ಲ ಇದು. ಎರಡು ಮಕ್ಕಳ ತಂದೆ ಹೇಳಿದ್ದರಲ್ಲಿ ಅರ್ಧ ನಿಜ. ಬರೀ ಫಾರ್ಮ್ ನೋಡಿ, ಮಗುವನ್ನು ನೋಡದೆ ಸೆಷನ್ ಬರೆದರೆ ಅದು ತಪ್ಪು. ಆದರೆ 2012ರ ಆ ಹೇಳಿಕೆ ಮಕ್ಕಳಿಗೆ ಇಂಥ ತೊಂದರೆಯೇ ಇರಲ್ಲ ಅಂತ ಹೇಳುವುದಿಲ್ಲ. 2013ರ ಡಿಎಸ್‌ಎಂ-5 (ಮಾನಸಿಕ ತೊಂದರೆಗಳನ್ನು ಗುರುತಿಸುವ ಅಮೆರಿಕದ ಕೈಪಿಡಿ) ಕೂಡ ಇದನ್ನು ಬೇರೆ ಕಾಯಿಲೆಯಾಗಿ ಸೇರಿಸಲಿಲ್ಲ, ನಿಜ. ಆದರೆ ಆಟಿಸಂ ಲಕ್ಷಣಗಳ ಪಟ್ಟಿಯಲ್ಲಿ ಶಬ್ದ, ಸ್ಪರ್ಶಕ್ಕೆ ಅತಿಯಾಗಿ ಅಥವಾ ತೀರಾ ಕಮ್ಮಿ ಸ್ಪಂದಿಸುವುದನ್ನು ಸೇರಿಸಿತು. ಹಾಗಂತ ಮಿಕ್ಸಿಗೆ ಅಳುವ ಐದು ತಿಂಗಳ ಮಗುವಿಗೆ ಆಟಿಸಂ ಅಂತ ಯಾರೂ ಇಲ್ಲಿಂದ ಓಡಬೇಡಿ, ದಯವಿಟ್ಟು.

ಎರಡು_ಮಕ್ಕಳ_ತಂದೆ
ಮೇಡಂ, ಅರ್ಧ ನಿಜ ಅಂದಿದ್ದಕ್ಕೆ ಧನ್ಯವಾದ. ಮಗುವನ್ನೇ ನೇರವಾಗಿ ಪರೀಕ್ಷೆ ಮಾಡಬಹುದಲ್ಲ? ನೀವು ಓದಿದವರು ಇರುವಾಗ ಮನೆಯವರನ್ನು ಯಾಕೆ ಕೇಳಬೇಕು?

ಒಟಿ_ಮೈಸೂರು
ಅದೂ ಇದೆ ಸರ್. ಡಿಗ್ಯಾಂಜಿ ಮತ್ತು ಗ್ರೀನ್‌ಸ್ಪ್ಯಾನ್ ಅವರು 1989ರಲ್ಲಿ ಮಾಡಿದ ಒಂದು ಪರೀಕ್ಷೆ 4ರಿಂದ 18 ತಿಂಗಳ ಮಕ್ಕಳಿಗೆ ಅಂತಲೇ ಇದೆ, 24 ಅಂಶ, ನಾವೇ ಮುಟ್ಟಿ, ತಿರುಗಿಸಿ, ಆಟಿಕೆ ತೋರಿಸಿ ನೋಡುವುದು. ಆದರೆ ನಮ್ಮ ಹತ್ತಿರ ಬರುವ ಮಗು ಎರಡು ಬಸ್ ಬದಲಾಯಿಸಿ ಬಂದಿರುತ್ತದೆ. ಹಸಿದಿರುತ್ತದೆ, ಇಲ್ಲಾ ಮಲಗಿರುತ್ತದೆ, ಇಲ್ಲಾ ನನ್ನ ಕನ್ನಡಕ ನೋಡಿ ಅಳುತ್ತಿರುತ್ತದೆ. ನಾನು ನೋಡುವುದು ಅರ್ಧ ಗಂಟೆ. ನೀವು ನೋಡುವುದು ಹಗಲೂ ರಾತ್ರಿ. ಅದಕ್ಕೇ ಎರಡೂ ಬೇಕು.

ಬಾಣಂತನದ_ಅಜ್ಜಿ
ನನಗೆ 68. ಮೊಮ್ಮಗಳು ಟೈಪ್ ಮಾಡಿಕೊಡುತ್ತಿದ್ದಾಳೆ. ಸೊಸೆ, ಹೆಣ್ಣುಮಕ್ಕಳು ಎಲ್ಲಾ ಸೇರಿ ಏಳು ಬಾಣಂತನ ಮಾಡಿದ್ದೇನೆ. ಫಾರ್ಮ್ ಗೀರ್ಮ್ ನನಗೆ ಗೊತ್ತಿಲ್ಲ. ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಬೋರಲು ಹಾಕಿಕೊಂಡು ಎಣ್ಣೆ ಹಚ್ಚಿದರೆ ಎಲ್ಲಾ ಗೊತ್ತಾಗುತ್ತದೆ. ಕೆಲವು ಬೆನ್ನಿಗೆ ಹಚ್ಚುವಾಗ ಸುಮ್ಮನಿದ್ದು ಅಂಗೈಗೆ ಬಂದ ಕೂಡಲೇ ಮುಷ್ಟಿ ಬಿಗಿಯುತ್ತವೆ. ಕೆಲವಕ್ಕೆ ಮೆತ್ತಗೆ ಸವರಿದರೆ ಆಗಲ್ಲ, ಗಟ್ಟಿ ಒತ್ತಿದರೆ ಹಿತ. ತಲೆಗೆ ನೀರು ಬಿದ್ದರೆ ಒಂದು ಉಸಿರು ಬಿಗಿ ಹಿಡಿಯುತ್ತದೆ, ಇನ್ನೊಂದು ಅಲ್ಲೇ ನಿದ್ದೆ ಹೋಗುತ್ತದೆ. ನನ್ನ ಎರಡನೇ ಮಗ ಉಣ್ಣೆ ಟೊಪ್ಪಿ ಹಾಕಿದರೆ ಊರು ಕೇಳುವ ಹಾಗೆ ಅಳುತ್ತಿದ್ದ. ಈಗ 40 ದಾಟಿದೆ, ಇವತ್ತಿಗೂ ಸ್ವೆಟರ್ ಹಾಕಲ್ಲ. ಡೆಲ್ಲಿಯಲ್ಲಿ ಕೆಲಸ ಬೇರೆ!

ಪುಟ್ಟಿಯಮ್ಮ, ಮಗುವಿಗೆ ಸ್ನಾನ ಮಾಡಿಸುವುದು ಯಾರು? ಅವರನ್ನು ಕೇಳು ಮಗಳೇ. ಸ್ನಾನ ಆದ ಮೇಲೆ ಸ್ವಲ್ಪ ಸಾಂಬ್ರಾಣಿ ಹೊಗೆ ತೋರಿಸಿದರೆ ಚೆನ್ನಾಗಿ ಮಲಗುತ್ತದೆ, ಬೆಚ್ಚುವುದೂ ಕಮ್ಮಿ ಆಗುತ್ತದೆ.

ವಾರ್ಡ್_ಸಿಸ್ಟರ್
ಅಜ್ಜಿ, ಉಳಿದದ್ದೆಲ್ಲಾ ಒಪ್ಪಿದೆ, ಸಾಂಬ್ರಾಣಿ ಮಾತ್ರ ಬೇಡ. ಬೇಗ ಹುಟ್ಟಿದ ಮಗುವಿನ ಶ್ವಾಸಕೋಶಕ್ಕೆ ಯಾವ ಹೊಗೆಯೂ ಬೇಡ.

ಬಾಣಂತನದ_ಅಜ್ಜಿ
ಏಳು ಮಕ್ಕಳಿಗೂ ಹಾಕಿದ್ದೇನಮ್ಮ.

ವಾರ್ಡ್_ಸಿಸ್ಟರ್
ಏಳಕ್ಕೂ ಒಂಬತ್ತು ತಿಂಗಳು ತುಂಬಿತ್ತಲ್ವಾ ಅಜ್ಜಿ.

ಪುಟ್ಟಿಯಮ್ಮ ಅವರೇ, ಪಾದದ ಬಗ್ಗೆ ಒಂದು ಮಾತು. ನಾನು ನವಜಾತ ಶಿಶುಗಳ ವಾರ್ಡಿನಲ್ಲಿ ಒಂಬತ್ತು ವರ್ಷ ಇದ್ದವಳು. 19 ದಿನ ಒಳಗಿದ್ದರೆ ರಕ್ತ ತೆಗೆಯಲು ಹಿಮ್ಮಡಿಗೆ ಎಷ್ಟೋ ಸಲ ಚುಚ್ಚಿರುತ್ತೇವೆ. ಪಾದ ಮುಟ್ಟಿದರೆ ಕಾಲು ಎಳೆದುಕೊಳ್ಳುವ ಮಕ್ಕಳನ್ನು ನಾನೇ ನೋಡಿದ್ದೇನೆ. ಅದೇ ಕಾರಣ ಅಂತ ನಿಮ್ಮ ಮಗುವಿಗೆ ನಾನು ಹೇಳಲಾರೆ, ಆದರೆ ಒಟಿಗೆ ಈ ವಿಷಯ ಗೊತ್ತಿರಲಿ. ಫಾರ್ಮ್‌ನಲ್ಲಿ ಷರಾ ಬರೆಯಲು ಜಾಗ ಸಿಕ್ಕರೆ ಬರೆಯಿರಿ, ಇಲ್ಲದಿದ್ದರೆ ಅಂಚಿನಲ್ಲೇ ಬರೆಯಿರಿ.

ಅದಕ್ಕಿಂತ ಮುಖ್ಯ: ಕಿವಿ, ಕಣ್ಣು ಪರೀಕ್ಷೆ ಆಗಿದೆಯಾ? ಪಾತ್ರೆ ಬಿದ್ದಾಗ ಬೆಚ್ಚುತ್ತಾಳೆ ಅಂದರೆ ಕಿವಿ ಪೂರ್ತಿ ಸರಿ ಅಂತ ಅರ್ಥ ಅಲ್ಲ. ಐದು ದಿನಕ್ಕಿಂತ ಜಾಸ್ತಿ ಎನ್‌ಐಸಿಯುನಲ್ಲಿ ಇದ್ದ ಮಗುವಿಗೆ ಒಎಇ (ಒಳಕಿವಿಯ ಪರೀಕ್ಷೆ) ಒಂದೇ ಸಾಲದು, ಬೆರಾ (ಶಬ್ದ ಮೆದುಳಿನವರೆಗೆ ಹೋಗುತ್ತದಾ ಅಂತ ನೋಡುವ ಪರೀಕ್ಷೆ) ಕೂಡ ಆಗಬೇಕು, ಕಿವಿಯಿಂದ ಮೆದುಳಿಗೆ ಹೋಗುವ ದಾರಿಯ ತೊಂದರೆ ಒಎಇಯಲ್ಲಿ ಸಿಗುವುದಿಲ್ಲ. 34 ವಾರದೊಳಗೆ ಹುಟ್ಟಿದವರಿಗೆ, 2000 ಗ್ರಾಂಗಿಂತ ಕಮ್ಮಿ ಇದ್ದವರಿಗೆ ಆರ್‌ಒಪಿ (ಬೇಗ ಹುಟ್ಟಿದ ಮಕ್ಕಳಿಗೆ ಬರುವ ರೆಟಿನಾ ತೊಂದರೆ) ಕಣ್ಣಿನ ಪರೀಕ್ಷೆ ತಿಂಗಳೊಳಗೇ ಆಗಬೇಕು. ಕಿವಿಯೇ ಸರಿ ಕೇಳದ ಮಗುವಿನ ಸೆನ್ಸರಿ ಫಾರ್ಮ್ ತುಂಬಿ ಏನು ಪ್ರಯೋಜನ?

ಪುಟ್ಟಿಯಮ್ಮ_ಶಿವಮೊಗ್ಗ
ಸಿಸ್ಟರ್, ಕಣ್ಣಿನದು ಎರಡು ಸಲ ಆಗಿದೆ, ಸರಿ ಇದೆ. ಕಿವಿಗೆ ಒಎಇ ಮಾತ್ರ ಆಗಿದೆ, ಡಿಸ್ಚಾರ್ಜ್ ಚೀಟಿ ನೋಡಿದೆ. ಬೆರಾ ಕೇಳುತ್ತೇನೆ. ಹಿಮ್ಮಡಿ ವಿಷಯ ಓದಿ ಕಣ್ಣಲ್ಲಿ ನೀರು ಬಂತು. ಅಜ್ಜಿ, ಸ್ನಾನ ಮಾಡಿಸುವುದು ಅತ್ತೆಯೇ.

ಕಾಫಿಪುಡಿ
ಮೈಸೂರಿನ ವಾಕ್ ಶ್ರವಣ ಸಂಸ್ಥೆ ಆಯಿಷ್‌ನಲ್ಲಿ ಬೆರಾ ಮಾಡುತ್ತಾರೆ. ನಮ್ಮ ಅಕ್ಕನ ಮಗನಿಗೆ ಅಲ್ಲೇ ಮಾಡಿಸಿದ್ದು. ಮಗು ಮಲಗಿರಬೇಕು, ಬೆಳಗ್ಗೆಯಿಂದ ಮಲಗಿಸದೆ ಕರ್ಕೊಂಡು ಹೋಗಿದ್ದರು. ಮೊದಲು ಶಿವಮೊಗ್ಗದಲ್ಲೇ ವಿಚಾರಿಸಿ ನೋಡಿ.

ಅನುವಾದ_ಮಾಡಿ_ಸಾಕಾದವ
ಈ ಥ್ರೆಡ್ ನನಗೇ ಅಂತ ಬಂದ ಹಾಗಿದೆ. ಗೆಳತಿಯೊಬ್ಬಳ ಪ್ರಬಂಧಕ್ಕೆ ಇಂಥದ್ದೇ ಒಂದು ಪಟ್ಟಿಯನ್ನು ಕನ್ನಡ ಮಾಡಲು ಹೋಗಿ ನಾಲ್ಕು ತಿಂಗಳು ಒದ್ದಾಡಿದವನು ನಾನು. ಪುಟ್ಟಿಯಮ್ಮ "ಅತ್ತೆಗೆ ಕನ್ನಡದಲ್ಲಿ ಓದಿ ಹೇಳಿದೆ" ಅಂದಿದ್ದಾರಲ್ಲ, ಜಗಳ ಶುರುವಾಗಿದ್ದೇ ಅಲ್ಲಿ ಅಂತ ನನ್ನ ಗುಮಾನಿ.

ಉದಾಹರಣೆಗೆ ದೊಡ್ಡ ಶಬ್ದಕ್ಕೆ ಮಗು ಏನು ಮಾಡುತ್ತದೆ ಅನ್ನುವುದು. ನಾನು ಮೊದಲು "ಹೆದರುತ್ತದೆಯೇ" ಅಂತ ಹಾಕಿದೆ. ಅಜ್ಜಿಯರು ಎಲ್ಲರೂ "ಇಲ್ಲಪ್ಪ, ನಮ್ಮ ಮಗು ಹೆದರಲ್ಲ" ಅಂದರು. ಹೆದರುವುದು ಅಂದರೆ ಮಗುವಿನ ಧೈರ್ಯಕ್ಕೇ ಕೈ ಹಾಕಿದ ಹಾಗೆ! "ಬೆಚ್ಚಿ ಬೀಳುತ್ತದೆಯೇ" ಅಂತ ಬದಲಾಯಿಸಿದ ಕೂಡಲೇ ಅದೇ ಅಜ್ಜಿಯರು "ಹೂಂ, ಬೆಚ್ಚುತ್ತೆ, ಅದಕ್ಕೇ ದೃಷ್ಟಿ ತೆಗೆದೆವು" ಅಂದರು. ಒಂದು ಪದಕ್ಕೆ ಉತ್ತರ ಉಲ್ಟಾ. ಬೆಚ್ಚುವುದು ಮೈಯದ್ದು, ಹೆದರುವುದು ಮನಸ್ಸಿನದ್ದು.

"ಸುಮ್ಮನಿರುತ್ತದೆ" ಇನ್ನೂ ದೊಡ್ಡ ತಲೆನೋವು. ನಮ್ಮಲ್ಲಿ ಸುಮ್ಮನಿರುವ ಮಗು ಅಂದರೆ ಒಳ್ಳೆ ಮಗು. ಕರೆದರೂ ತಿರುಗದ, ಒದ್ದೆಯಾದರೂ ಅಳದ, ಹಸಿವನ್ನೂ ಹೇಳದ ಮಗುವನ್ನು ಮನೆಯವರು ಹೊಗಳುತ್ತಲೇ ಇರುತ್ತಾರೆ. ಚಂಡಿ ಮಗುವನ್ನು ಎಲ್ಲರೂ ಡಾಕ್ಟರ್ ಹತ್ತಿರ ಕರ್ಕೊಂಡು ಹೋಗುತ್ತಾರೆ, ಇದನ್ನು ಯಾರೂ ಕರ್ಕೊಂಡು ಹೋಗಲ್ಲ. ಮೊದಲು ಕಣ್ಣಿಗೆ ಬೀಳಬೇಕಾದದ್ದು ಇದೇ ಅಂತ ನನಗನಿಸುತ್ತದೆ.

ಮತ್ತೆ ಆ ಶೇಕಡಾವಾರು. ಸೆನ್ಸರಿ ಪ್ರೊಫೈಲ್‌ನಲ್ಲಿ ಯಾವಾಗಲೂ ಅಂದರೆ 90ಕ್ಕೆ ಮೇಲೆ, ಆಮೇಲೆ 75, 50, 25, ಕೊನೆಗೆ 10ಕ್ಕಿಂತ ಕೆಳಗೆ. ನನ್ನ ಸೋದರತ್ತೆಗೆ ಓದಿ ಹೇಳಿದರೆ "ಶೇಕಡಾ 75 ಸಲ ಅಳೋದು ಅಂದರೆ ಏನೋ, ಮುಕ್ಕಾಲು ಅಳುತ್ತಾ?" ಅಂದರು. "ಹತ್ತು ಸಲ ಕುಕ್ಕರ್ ಕೂಗಿದರೆ ಎಷ್ಟು ಸಲ ಅತ್ತಿತು" ಅಂತ ಕೇಳಿದೆ, ತಟ್ಟನೆ ಉತ್ತರ ಬಂತು.

ಒಟಿ_ಮೈಸೂರು
ಕುಕ್ಕರ್ ಪ್ರಶ್ನೆ ನನಗೆ ಬೇಕು, ಕದಿಯುತ್ತೇನೆ. ಇನ್ನೊಂದು ಸೇರಿಸಲಾ? ಆ ಅಂಕಗಳ ಮಟ್ಟ ನಿಗದಿ ಮಾಡಿದ್ದು ಅಮೆರಿಕದ ಮಕ್ಕಳನ್ನು ನೋಡಿ. ಕಾಲ ಮೇಲೆ ಹಾಕಿ ಎಣ್ಣೆ ತಿಕ್ಕಿಸಿಕೊಂಡು, ಸೀರೆ ಜೋಲಿಯಲ್ಲಿ ತೂಗಿಸಿಕೊಂಡು, ಒಂದೇ ರೂಮಿನಲ್ಲಿ ಐದು ಜನರ ಮಧ್ಯೆ ಮಲಗುವ ಮಗುವಿನ ಲೆಕ್ಕ ಅದರಲ್ಲಿಲ್ಲ. ಅದಕ್ಕೇ ನಾನು ಅಂಕಕ್ಕಿಂತ ಉತ್ತರಗಳನ್ನೇ ಜಾಸ್ತಿ ನೋಡುತ್ತೇನೆ.

ನ್ಯೂಜೆರ್ಸಿ_ಕನ್ನಡತಿ
ಅಮೆರಿಕದಲ್ಲೂ ಎಲ್ಲಾ ಸರಿ ಇದೆ ಅಂದುಕೊಳ್ಳಬೇಡಿ. ಇಲ್ಲಿ ಮೂರು ವರ್ಷದೊಳಗಿನ ಮಕ್ಕಳಿಗೆ ಅರ್ಲಿ ಇಂಟರ್‌ವೆನ್ಷನ್ ಅಂತ ಸರ್ಕಾರಿ ವ್ಯವಸ್ಥೆ ಇದೆ, ಮನೆಗೇ ಬಂದು ನೋಡಿದರು, ಅದು ನಿಜಕ್ಕೂ ಒಳ್ಳೆಯದು. ಆದರೆ ಆಗ ನಾನು ಕೆಲಸಕ್ಕೆ ವಾಪಸ್ ಹೋಗಿ ಎರಡು ತಿಂಗಳಾಗಿತ್ತು. ಮಗು ದಿನವೆಲ್ಲಾ ಇದ್ದದ್ದು ದಾವಣಗೆರೆಯಿಂದ ಬಂದ ನಮ್ಮಮ್ಮನ ಹತ್ತಿರ. ಪ್ರಶ್ನೆ ಎಲ್ಲಾ ಇಂಗ್ಲಿಷ್, ಉತ್ತರ ಕೊಟ್ಟವಳು ನಾನು, ಅಮ್ಮ ಪಕ್ಕದಲ್ಲಿ ಚಹಾ ಲೋಟ ಹಿಡಿದು ನಿಂತಿದ್ದರು. ಅವರು ಹೋದ ಮೇಲೆ ಅಮ್ಮ ಕೇಳಿದರು, "ಬಿಸಿಲಿಗೆ ಕರ್ಕೊಂಡು ಹೋದರೆ ಕಣ್ಣು ಗಟ್ಟಿ ಮುಚ್ಚಿಕೊಂಡು ಮುಖ ನನ್ನ ಹೆಗಲಿಗೆ ಒತ್ತುತ್ತಾನೆ, ಅದನ್ನ ಹೇಳಿದ್ಯಾ?" ನನಗೆ ಗೊತ್ತೇ ಇರಲಿಲ್ಲ. ದುಭಾಷಿ ಬೇಕು ಅಂತ ಕೇಳಬಹುದಿತ್ತು, ತೋಚಲೇ ಇಲ್ಲ.

ನಿದ್ದೆಗೆಟ್ಟವಳು
ಬರೆಯಲೋ ಬೇಡವೋ ಅಂತ ಎರಡು ದಿನ ಯೋಚನೆ ಮಾಡಿದೆ. ನಾನು ಇಂಥ ಫಾರ್ಮ್ ತುಂಬಿದ್ದು ರಾತ್ರಿ ಎರಡು ಗಂಟೆಗೆ, ಮಗು ಮೂರು ತಿಂಗಳು ಇದ್ದಾಗ. ಎಲ್ಲದಕ್ಕೂ "ಯಾವಾಗಲೂ" ಅಂತ ಹಾಕಿದೆ. ಯಾವಾಗಲೂ ಅಳುತ್ತಾನೆ, ಯಾವಾಗಲೂ ಮಲಗಲ್ಲ, ಏನು ಮಾಡಿದರೂ ಸಮಾಧಾನ ಆಗಲ್ಲ. ಫಾರ್ಮ್ ನೋಡಿದ ಮೇಡಂ ಮಗುವಿನ ಬಗ್ಗೆ ಏನೂ ಕೇಳಲಿಲ್ಲ. "ನೀವು ಊಟ ಮಾಡಿ ಎಷ್ಟು ಹೊತ್ತಾಯ್ತು?" ಅಂದರು. ಅಲ್ಲೇ ಅತ್ತುಬಿಟ್ಟೆ. ಆಮೇಲೆ ಅವರು ಇನ್ನೊಂದು ಪಟ್ಟಿ ಕೊಟ್ಟರು, ಹತ್ತೇ ಪ್ರಶ್ನೆ, ಮಗುವಿನದಲ್ಲ, ನನ್ನದು. ಎಡಿನ್‌ಬರ್ಗ್ ಅಂತ ಹೆಸರು. ನನಗೆ ಬಾಣಂತಿ ಖಿನ್ನತೆ ಇತ್ತು. ಚಿಕಿತ್ಸೆ ಆಗಿ ಎರಡು ತಿಂಗಳ ಮೇಲೆ ಅದೇ ಸೆನ್ಸರಿ ಫಾರ್ಮ್ ಮತ್ತೆ ತುಂಬಿದೆ. ಬೇರೆ ಯಾರದೋ ಮಗು ಅನ್ನುವ ಹಾಗಿತ್ತು. ಅವನೂ ದೊಡ್ಡವನಾಗಿದ್ದ, ಅಳು ತಾನಾಗೇ ಇಳಿದಿತ್ತು, ಅದೂ ಇರಬಹುದು. ನಾನೂ ಬದಲಾಗಿದ್ದೆ.

ಪುಟ್ಟಿಯಮ್ಮ, ನಿಮಗೆ ಹಾಗಿದೆ ಅಂತ ಹೇಳುತ್ತಿಲ್ಲ. ಯಾರಾದರೂ ಓದುತ್ತಿದ್ದರೆ, 14416 ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಎರಡು_ಮಕ್ಕಳ_ತಂದೆ
ಅಕ್ಕ, ಇದನ್ನು ಓದಿ ನನ್ನ ಹೆಂಡತಿಗೆ ತೋರಿಸಿದೆ. ಆಗ ಅವಳೂ ಸರಿಯಾಗಿ ಮಲಗಿರಲಿಲ್ಲವಂತೆ. ನಾನು ಆ ಸೆಂಟರಿಗೆ ಬೈದೆ, ಅವಳನ್ನು ಕೇಳಲಿಲ್ಲ. ವ್ಯಾಪಾರ ಅಂದಿದ್ದನ್ನು ಮಾತ್ರ ವಾಪಸ್ ತಗೊಳ್ಳಲ್ಲ.

ಸೈಕಾಲಜಿ_ಹುಡುಗಿ
ಎಂಎಸ್ಸಿ ಓದುತ್ತಿದ್ದೇನೆ, ತಪ್ಪಿದ್ದರೆ ತಿದ್ದಿ. ಅಪ್ಪ ಅಮ್ಮ ಮಗುವನ್ನು ತಮ್ಮ ಮನಸ್ಸಿನ ಬಣ್ಣದಲ್ಲಿ ನೋಡುತ್ತಾರೆ ಅನ್ನುವುದು ಹಳೇ ತಕರಾರು. ಮೇರಿ ರಾತ್‌ಬಾರ್ಟ್ 1981ರಲ್ಲಿ ಮಾಡಿದ ಶಿಶು ನಡವಳಿಕೆ ಪ್ರಶ್ನಾವಳಿಯಲ್ಲಿ ಇದಕ್ಕೆ ಒಂದು ಉಪಾಯ ಇದೆ. "ನಿಮ್ಮ ಮಗು ಹೇಗೆ" ಅಂತ ಕೇಳಲ್ಲ. "ಹೋದ ವಾರ ಸ್ನಾನ ಮಾಡಿಸಿದಾಗ ಎಷ್ಟು ಸಲ ಹೀಗೆ ಮಾಡಿತು" ಅನ್ನುವ ಥರ ಕೇಳುತ್ತದೆ. ಆ ವಾರ ಅಂಥ ಸಂದರ್ಭವೇ ಬರದಿದ್ದರೆ ಅನ್ವಯಿಸಲ್ಲ ಅಂತ ಹಾಕಬಹುದು. 2003ರಲ್ಲಿ ತಿದ್ದಿದ ಮೇಲೆ ಅದರಲ್ಲಿ 191 ಪ್ರಶ್ನೆ! ಚಿಕ್ಕದು 37ರದ್ದು ಆಮೇಲೆ ಬಂತು. ಅದು ಸ್ವಭಾವ ನೋಡುವ ಪಟ್ಟಿ, ಸೆನ್ಸರಿದಲ್ಲ, ಆದರೆ ಉಪಾಯ ಇಲ್ಲೂ ನಡೆಯುತ್ತದೆ.

ಕಾಫಿಪುಡಿ
191 ಪ್ರಶ್ನೆ ತುಂಬುವಷ್ಟರಲ್ಲಿ ಮಗು ಅಂಗನವಾಡಿಗೆ ಸೇರಿರುತ್ತದೆ.

ಒಟಿ_ಮೈಸೂರು
ಪುಟ್ಟಿಯಮ್ಮ, ಹಾಗಾದರೆ ಒಂದು ಕೆಲಸ ಮಾಡಿ. ಇನ್ನೂ ಒಂದು ವಾರ ಇದೆ. ಅಡುಗೆಮನೆ ಕ್ಯಾಲೆಂಡರ್ ಮೇಲೆ ಮಿಕ್ಸಿ ಹಾಕಿದಾಗೆಲ್ಲಾ ಒಂದು ಗೀಟು, ಅತ್ತರೆ ಅದಕ್ಕೆ ಒಂದು ಅಡ್ಡ ಗೀಟು. ಆಗ ಮಗು ಎಲ್ಲಿತ್ತು, ಮಲಗಿತ್ತಾ ಎದ್ದಿತ್ತಾ, ಯಾರ ಕೈಯಲ್ಲಿತ್ತು, ಎರಡೇ ಪದ. ಪಾದದ್ದೂ ಹಾಗೇ. ಮೂರೂ ಫಾರ್ಮ್ ತಗೊಂಡು ಹೋಗಿ. ಒಂದನ್ನೇ ಆರಿಸಿ ಇನ್ನೆರಡನ್ನು ಹರಿದು ಹಾಕಬೇಡಿ, ಮೂರನ್ನೂ ಕೂಡಿಸಿ ಭಾಗಿಸಲೂ ಬೇಡಿ.

ಬಾಣಂತನದ_ಅಜ್ಜಿ
ಸಿಸ್ಟರ್‌ಗೆ ಒಂದು ಮಾತು. ಹೊಗೆ ಬೇಡ ಅಂದರೆ ಬಿಡೋಣ. ಧೂಪದ ಕಡ್ಡಿ?

ವಾರ್ಡ್_ಸಿಸ್ಟರ್
ಅಜ್ಜಿ!!

ಪುಟ್ಟಿಯಮ್ಮ_ಶಿವಮೊಗ್ಗ
ಹೋಗಿ ಬಂದೆವು. ಕೇಳಿದವರಿಗೆಲ್ಲಾ ಹೇಳಿಬಿಡುತ್ತೇನೆ.

ಏಳು ದಿನದಲ್ಲಿ ಮಿಕ್ಸಿ ಹಾಕಿದ್ದು 14 ಸಲ. ಅತ್ತಿದ್ದು 6 ಸಲ. ನಾನು ಫಾರ್ಮ್‌ನಲ್ಲಿ ಹಾಕಿದ್ದು "ಹೆಚ್ಚುಕಮ್ಮಿ ಯಾವಾಗಲೂ"! ಆ ಆರರಲ್ಲಿ ಐದು ಬೆಳಗ್ಗೆ ಚಟ್ನಿ ರುಬ್ಬುವಾಗ, ಪುಟ್ಟಿ ಜೋಲಿಯಲ್ಲಿ ಮಲಗಿದ್ದಾಗ. ನಮ್ಮ ಜೋಲಿ ಕಟ್ಟಿರುವುದು ಅಡುಗೆಮನೆ ಬಾಗಿಲ ಪಕ್ಕದ ತೊಲೆಗೆ. ಬೆಳಗ್ಗೆ ರುಬ್ಬುವವಳು ನಾನು. ಅತ್ತೆ ಮಿಕ್ಸಿ ಹಾಕುವುದು ಮಧ್ಯಾಹ್ನ, ಸೊಂಟದ ಮೇಲೆ ಅವಳನ್ನು ಕೂರಿಸಿಕೊಂಡು, "ಗುರ್ರ್ ಬಂತು ನೋಡು" ಅಂತ ಮೊದಲೇ ಹೇಳಿ. ಅಳುವುದೇ ಇಲ್ಲ. ಅವರು ಬರೆದದ್ದು ಸುಳ್ಳಲ್ಲ, ನಾನು ಬರೆದದ್ದೂ ಸುಳ್ಳಲ್ಲ. ನಾನು ಹೋದ ತಿಂಗಳೆಲ್ಲಾ ಅತ್ತೆ ಬೇಕಂತಲೇ ಮುಚ್ಚಿಡುತ್ತಾರೆ ಅಂದುಕೊಂಡಿದ್ದೆ. ಅವರಿಗೆ ಅದನ್ನು ಹೇಳಿಲ್ಲ, ನೀವೂ ಹೇಳಬೇಡಿ.

ಪಾದದ್ದು ಬೇರೆ ಕಥೆ. ಅದು ದಿನಾ ಇದೆ, ಯಾರು ಮುಟ್ಟಿದರೂ ಇದೆ. ಅತ್ತೆ ಅದಕ್ಕೂ "ಇಲ್ಲ" ಅಂತ ಯಾಕೆ ಹಾಕಿಸಿದರು ಅಂತ ಒಟಿ ಕೇಳಿದರು. ಅತ್ತೆ ಹೇಳಿದರು, "ಅವಳಿಗೆ ಆಗಲ್ಲ ಅಂತ ಗೊತ್ತು, ಅದಕ್ಕೇ ಪಾದಕ್ಕೆ ನಾನು ಎಣ್ಣೆನೇ ಹಚ್ಚಲ್ಲ, ಮತ್ತೆ ಯಾಕೆ ಎಳ್ಕೋತಾಳೆ?" ಒಟಿ ಪೆನ್ನು ಕೆಳಗಿಟ್ಟು ನಕ್ಕರು. ಹಿಮ್ಮಡಿಗೆ ಚುಚ್ಚಿದ್ದನ್ನೂ ಬರೆದುಕೊಂಡರು. ಮೆತ್ತಗೆ ಸವರುವ ಬದಲು ಅಂಗೈಯಿಂದ ಇಡೀ ಪಾದ ಹಿಡಿದು ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಳ್ಳಿ ಅಂತ ತೋರಿಸಿಕೊಟ್ಟರು, ಅಜ್ಜಿ ಹೇಳಿದ ಹಾಗೇ. ಸೆಷನ್ ಈಗ ಬೇಡ, ಎರಡು ತಿಂಗಳು ಬಿಟ್ಟು ಬನ್ನಿ, ಆಗ ದೊಡ್ಡ ಫಾರ್ಮ್ ಅಂದರು. ಬೆರಾಗೆ ಬರೆದುಕೊಟ್ಟಿದ್ದಾರೆ, ಇನ್ನೂ ಆಗಿಲ್ಲ.

ಇವರ ಫಾರ್ಮ್ ನೋಡಿ "ಅಪ್ಪ ಮನೆಗೆ ಎಷ್ಟು ಗಂಟೆಗೆ ಬರುತ್ತಾರೆ?" ಅಂತ ಕೇಳಿದರು. ಎಂಟಕ್ಕೆ ಅಂದೆ. ಪುಟ್ಟಿ ಮಲಗುವುದು ಎಂಟೂವರೆಗೆ.

ಬಾಣಂತನದ_ಅಜ್ಜಿ
ಜೋಲಿ ಬೇರೆ ಕಡೆ ಕಟ್ಟಿದಿರಾ?

ಪುಟ್ಟಿಯಮ್ಮ_ಶಿವಮೊಗ್ಗ
ಬೇರೆ ತೊಲೆ ಇಲ್ಲ ಅಜ್ಜಿ. ಮಿಕ್ಸಿಯನ್ನೇ ಹಿತ್ತಲ ಕಟ್ಟೆಗೆ ಹಾಕಿದ್ದೇವೆ. ಈಗ ಪಕ್ಕದ ಮನೆಯವರ ಮಗು ಅಳುತ್ತಿದೆ.

ಹೊಸಬಳು_ಹಾಸನ
ನಮ್ಮವನಿಗೆ ಎಂಟು ತಿಂಗಳು. ರಾಗಿ ಸರಿ ನುಣ್ಣಗಿದ್ದರೆ ತಿನ್ನುತ್ತಾನೆ, ಒಂದು ಅಗುಳು ಅನ್ನ ಸಿಕ್ಕರೂ ಓಕರಿಸುತ್ತಾನೆ. ಇಲ್ಲೇ ಕೇಳಲಾ ಅಥವಾ ಬೇರೆ ಥ್ರೆಡ್ ಮಾಡಲಾ?

ಕಾಫಿಪುಡಿ
ಬೇರೆ ಮಾಡಿ. ಇಲ್ಲಿ ಸಾಂಬ್ರಾಣಿ ಜಗಳ ಇನ್ನೂ ಮುಗಿದಿಲ್ಲ.